ಗಡ್ಡೆ ತೆಗೆಸಿಕೊಂಡು ಮನೆಗೆ ಬಂದವರ ಜೊತೆ: ಮಿದುಳಿನ ಗಡ್ಡೆಯ ರೋಗಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಂದು ಮಾರ್ಗದರ್ಶಿ

“ಆಪರೇಷನ್ ಚಲೋ ಆಯ್ತು ಅಂದ್ರು. ಆದ್ರೆ ಮನೆಗೆ ಬಂದವರು ನಮ್ಮ ಅಪ್ಪಯ್ಯ ಅಲ್ಲ ಅನ್ನಿಸ್ತದೆ.”

ಈ ಮಾತನ್ನು ಸಿದ್ದಾಪುರದವರು ಹೇಳಿದ್ದಾರೆ, ಹೊನ್ನಾವರದವರು ಹೇಳಿದ್ದಾರೆ, ಕಾರವಾರದವರು ಕೊಂಕಣಿಯಲ್ಲಿ ಹೇಳಿದ್ದಾರೆ. ಇಷ್ಟು ಸಿಟ್ಟು ಯಾಕೆ? ಸುಮ್ನೆ ಗೋಡೆ ನೋಡುತ್ತ ಯಾಕೆ ಕೂತಿರುತ್ತಾರೆ? ನಾನು ಎದುರಿಗೇ ಅತ್ತರೂ ಅವರಿಗೆ ಏನೂ ಅನ್ನಿಸುವುದಿಲ್ಲವಾ? ಮನೆಯವರು ಹೀಗೆ ಕೇಳುತ್ತಾರೆ. ರೋಗಿಗಳ ಪ್ರಶ್ನೆ ಬೇರೆ. “ಎಲ್ಲರೂ ನನ್ನನ್ನು ಮಗು ಥರ ನೋಡ್ತಾರೆ. ನಾನು ಮೊದಲು ಏನಾಗಿದ್ದೆ ಅಂತ ಒಬ್ಬರಿಗೂ ನೆನಪಿಲ್ಲವಾ?”

ಎರಡೂ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಣ್ಣನಿಗೆ ಹಣೆಯ ಹಿಂದೆ ಗಡ್ಡೆ ಬಂದಾಗ ಅತ್ತಿಗೆಯ ಜೊತೆ ಪಾಳಿ ಹಂಚಿಕೊಂಡು ಅವನನ್ನು ನೋಡಿಕೊಂಡವಳು. ಗುಳಿಗೆ ಎಷ್ಟು, ರೇಡಿಯೇಶನ್ ಬೇಕೋ ಬೇಡವೋ ಎನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟ ವಿಷಯ. ಇಲ್ಲಿರುವುದು ಮನೆಯೊಳಗೆ ನಡೆಯುವ ಸಂಗತಿ.

ಮೊದಲು ಇಷ್ಟು ಹೊಂದಿಸಿಕೊಳ್ಳಿ

200 ಪುಟದ ಒಂದು ನೋಟ್‌ಬುಕ್. ಡಿಸ್ಚಾರ್ಜ್ ಸಮ್ಮರಿ ಮತ್ತು ಬಯಾಪ್ಸಿ ರಿಪೋರ್ಟ್ ಇರುವ ಫೈಲು, ಜೊತೆಗೆ ಎರಡು ಜೆರಾಕ್ಸ್. ಬಯಾಪ್ಸಿ ರಿಪೋರ್ಟ್ ಅಂದರೆ ಗಡ್ಡೆಯ ಚೂರನ್ನು ಪರೀಕ್ಷೆ ಮಾಡಿ ಅದು ಯಾವ ಬಗೆಯದು ಎಂದು ಹೇಳುವ ಕಾಗದ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಖಾನೆ ಇರುವ ಗುಳಿಗೆ ಡಬ್ಬಿ. ಇನ್ನೊಂದು, ನೋಡಿಕೊಳ್ಳುವವರು ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡಿ ಅಳಬಹುದಾದ ಒಬ್ಬ ಮನುಷ್ಯ. ಈ ಕೊನೆಯದನ್ನು ಹೊಂದಿಸುವುದು ಕಷ್ಟ. ಆದರೂ ಇವತ್ತೇ ಯೋಚಿಸಿ ಒಂದು ಹೆಸರು ಬರೆದಿಡಿ.

ಹಂತ 1: ಗಡ್ಡೆ ಎಲ್ಲಿದೆ, ಆ ಜಾಗದ ಕೆಲಸ ಏನು ಎಂದು ಕೇಳಿ

ಡಾಕ್ಟರ ಎದುರು ಕೂತಾಗ ಎಲ್ಲರೂ ಕೇಳುವುದು “ಗುಣ ಆಗ್ತದಾ?” ಎಂದು. ಅದನ್ನು ಕೇಳಲೇಬೇಕು. ಅದಾದ ಮೇಲೆ ಇನ್ನೊಂದನ್ನು ಕೇಳಿ: “ಗಡ್ಡೆ ಇರುವ ಜಾಗ ಏನು ಕೆಲಸ ಮಾಡುತ್ತದೆ? ಇವರ ಸ್ವಭಾವ, ಮಾತು, ನೆನಪು ಯಾವುದರಲ್ಲಿ ಬದಲಾವಣೆ ಬರಬಹುದು?” ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಮುಂದಿನ ಎಷ್ಟೋ ಜಗಳ ಆ ಒಂದು ಪುಟದಿಂದ ತಪ್ಪುತ್ತದೆ.

ಹಣೆಯ ಹಿಂದಿನ ಭಾಗಕ್ಕೆ ಫ್ರಂಟಲ್ ಲೋಬ್ ಎನ್ನುತ್ತಾರೆ. ಯಾವ ಮಾತನ್ನು ಆಡಬೇಕು, ಯಾವುದನ್ನು ನುಂಗಿಕೊಳ್ಳಬೇಕು, ಎದ್ದು ಯಾವ ಕೆಲಸ ಹಿಡಿಯಬೇಕು ಎನ್ನುವುದನ್ನೆಲ್ಲ ನಡೆಸುವುದರಲ್ಲಿ ಇದರ ಪಾತ್ರ ದೊಡ್ಡದು. ಇಲ್ಲಿ ತೊಂದರೆಯಾದರೆ ಕೆಲವರಿಗೆ ನಾಲಿಗೆಯ ಮೇಲಿನ ತಡೆ ಹೋಗುತ್ತದೆ. ಎಂದೂ ಬೈಯದವರು ಬೈಯುತ್ತಾರೆ, ನೆಂಟರ ಎದುರು ಹೇಳಬಾರದ್ದನ್ನು ಹೇಳುತ್ತಾರೆ. ಇನ್ನು ಕೆಲವರಿಗೆ ಶುರು ಮಾಡುವ ಶಕ್ತಿಯೇ ಹೋಗುತ್ತದೆ. ಹಸಿವಾಗಿರುತ್ತದೆ, ಎದುರಿಗೆ ತಟ್ಟೆ ಇರುತ್ತದೆ, ಆದರೆ ಕೈ ಮುಂದೆ ಹೋಗುವುದಿಲ್ಲ. ಮನೆಯವರು ಇದಕ್ಕೆ ಸೋಮಾರಿತನ ಎಂದು ಹೆಸರಿಡುತ್ತಾರೆ. ಅದು ಸೋಮಾರಿತನ ಅಲ್ಲ. “ಸ್ನಾನ ಮಾಡಿ” ಎಂದು ಹತ್ತು ಸಲ ಹೇಳುವ ಬದಲು ಟವೆಲ್ ಕೈಗೆ ಕೊಟ್ಟು “ಏಳಿ, ಬಚ್ಚಲಿಗೆ ಹೋಗೋಣ” ಎನ್ನಿ. ಮೊದಲ ಹೆಜ್ಜೆ ನೀವು ಹಾಕಿಸಿದರೆ ಉಳಿದದ್ದನ್ನು ಎಷ್ಟೋ ಸಲ ಅವರೇ ಮಾಡಿಕೊಳ್ಳುತ್ತಾರೆ.

ಕಿವಿಯ ಹತ್ತಿರದ ಭಾಗ ಟೆಂಪೊರಲ್ ಲೋಬ್. ನೆನಪು ಮತ್ತು ಮಾತನ್ನು ಅರ್ಥ ಮಾಡಿಕೊಳ್ಳುವುದು ಇದರ ಜೊತೆ ಸೇರಿಕೊಂಡಿದೆ. ಬಹುಪಾಲು ಜನರಿಗೆ ಮಾತಿನ ಕೇಂದ್ರಗಳು ಮಿದುಳಿನ ಎಡಭಾಗದಲ್ಲಿರುತ್ತವೆ. ಹಾಗಾಗಿ ಎಡಗಡೆ ಗಡ್ಡೆ ಬಂದವರಿಗೆ ಪದ ಸಿಗದೆ ತಡವರಿಸುವುದು ಜಾಸ್ತಿ.

ಕೆಲವರಿಗೆ ತಮ್ಮಲ್ಲಿ ಬದಲಾವಣೆ ಆಗಿದೆ ಎನ್ನುವುದೇ ಗೊತ್ತಾಗುವುದಿಲ್ಲ. “ನನಗೆ ಏನೂ ಆಗಿಲ್ಲ, ನಿಮಗೇ ತಲೆಬಿಸಿ” ಎನ್ನುತ್ತಾರೆ. ಅದು ಹಟ ಅಲ್ಲ, ಸುಳ್ಳೂ ಅಲ್ಲ. ತನ್ನ ಕೊರತೆಯನ್ನು ಗುರುತಿಸುವ ಭಾಗಕ್ಕೇ ಪೆಟ್ಟಾಗಿರಬಹುದು. ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಗೆದ್ದರೂ ಏನೂ ಸಿಗುವುದಿಲ್ಲ.

ಗ್ರೇಡ್ ಎನ್ನುವ ಪದವೂ ಕಿವಿಗೆ ಬೀಳುತ್ತದೆ. 1ರಿಂದ 4ರವರೆಗೆ ಇರುತ್ತದೆ. 1 ಅಂದರೆ ಸಾಮಾನ್ಯವಾಗಿ ನಿಧಾನ ಬೆಳೆಯುವುದು, 4 ಅಂದರೆ ಬಹಳ ಜೋರು. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಎಂಬ ಗಡ್ಡೆಯಲ್ಲಿ ಹೆಚ್ಚಿನವು ಗ್ರೇಡ್ 1. ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ ಗ್ರೇಡ್ 4.

*ಎಲ್ಲರೂ ಎಡವುವ ಜಾಗ:* “ಕ್ಯಾನ್ಸರ್ ಅಲ್ಲ ಅಂದ್ರಲ್ಲ, ದೇವರು ದೊಡ್ಡವನು, ಮತ್ಯಾಕೆ ಅಳ್ತೀರಿ?” ಗ್ರೇಡ್ 1 ಗಡ್ಡೆ ಬಂದವರು ಈ ಮಾತು ಕೇಳಿ ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರ ತಲೆಯನ್ನೂ ತೆರೆದು ಹೊಲಿದಿದ್ದಾರೆ. ಅವರಿಗೂ ಫಿಟ್ಸ್ ಬರಬಹುದು, ವಾಸನೆ ಹೋಗಬಹುದು, ಕಣ್ಣು ಮಂಜಾಗಬಹುದು. ಅವರ ದುಃಖ ಸಣ್ಣದು ಎಂದು ಬೇರೆಯವರು ಹೇಳುವುದು ಸರಿಯಲ್ಲ.

ಹಂತ 2: ಗುಳಿಗೆಯಿಂದ ಬರುವ ಸಿಟ್ಟನ್ನು ಗುರುತಿಸಿ

ಮನೆಯವರಿಗೆ ಇದನ್ನು ಮೊದಲೇ ಹೇಳುವವರು ಕಡಿಮೆ. ಎರಡು ಗುಳಿಗೆ ಬಹಳ ಮನೆಗಳಲ್ಲಿ ಇರುತ್ತವೆ.

ಒಂದು ಡೆಕ್ಸಾಮೆಥಾಸೋನ್. ಇದು ಸ್ಟೀರಾಯ್ಡ್, ಮಿದುಳಿನ ಬಾವು ಇಳಿಸಲು ಕೊಡುತ್ತಾರೆ. ಇದರಿಂದ ನಿದ್ದೆ ಹಾಳಾಗಬಹುದು, ಹಸಿವು ವಿಪರೀತ ಆಗಬಹುದು, ರಾತ್ರಿ ಎರಡು ಗಂಟೆಗೆ ಎದ್ದು ಅಡಿಗೆಮನೆ ಹುಡುಕಬಹುದು. ಸಿಟ್ಟು, ಚಡಪಡಿಕೆ, ಸುಮ್ಮಸುಮ್ಮನೆ ಅಳು ಬರಬಹುದು. ಮುಖ ಊದಿ ಗುಂಡಗಾಗುತ್ತದೆ. ಕನ್ನಡಿಯಲ್ಲಿ ಬೇರೆ ಯಾರೋ ಕಂಡ ಹಾಗಾಗುತ್ತದೆ ಎಂದು ಅಣ್ಣ ಹೇಳುತ್ತಿದ್ದ. ಇದನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ. ಬೆಳಗಿನ ಹೊತ್ತಿಗೆ ಹೊಂದಿಸಿಕೊಡಬಹುದಾ ಎಂದು ಕೇಳಿ, ನಿದ್ದೆಗೆ ಅನುಕೂಲ ಆಗಬಹುದು.

ಇನ್ನೊಂದು ಲೆವೆಟಿರಾಸೆಟಮ್, ಫಿಟ್ಸ್ ಬರದ ಹಾಗೆ ಕೊಡುವುದು. ಕೆಲವರಿಗೆ ಇದರಿಂದ ಸಿಡುಕು, ಕೋಪ, ಮಂಕು ಬರುತ್ತದೆ. ಎಲ್ಲರಿಗೂ ಅಲ್ಲ. ಗುಳಿಗೆ ಶುರುವಾದ ದಿನ, ಪ್ರಮಾಣ ಬದಲಾದ ದಿನ, ಸಿಟ್ಟು ಜಾಸ್ತಿಯಾದ ದಿನ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಕು ತೋರಿಸಿ ಹೇಳಿದರೆ ಡಾಕ್ಟರು ಬೇರೆ ಗುಳಿಗೆ ಯೋಚಿಸಬಹುದು. “ಇತ್ತೀಚೆಗೆ ಸ್ವಲ್ಪ ಸಿಟ್ಟು” ಎಂದರೆ ಐದು ನಿಮಿಷದ ಓಪಿಡಿಯಲ್ಲಿ ಆ ಮಾತು ಕಳೆದುಹೋಗುತ್ತದೆ.

*ಎಚ್ಚರಿಕೆ:* ಬದಲಾವಣೆ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಬಂದರೆ ಅದನ್ನು ಮನಸ್ಸಿನ ವಿಷಯ ಎಂದುಕೊಳ್ಳಬೇಡಿ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಮತ್ತು ವಾಂತಿ, ಎಬ್ಬಿಸಿದರೂ ಏಳದ ಮಂಪರು, ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋಲುವುದು, ಜನರ ಗುರುತು ತಪ್ಪುವುದು ಇವೆಲ್ಲ ಆಸ್ಪತ್ರೆಗೆ ಓಡಬೇಕಾದ ಲಕ್ಷಣ.

ಮಳೆಗಾಲದ ಮಾತೊಂದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ಘಟ್ಟದ ರಸ್ತೆಗಳದ್ದೂ ಅದೇ ಭಯ. ಫಿಟ್ಸ್ ಗುಳಿಗೆ ಒಂದು ದಿನವೂ ತಪ್ಪಬಾರದು. ಜೂನ್ ಬರುವ ಮೊದಲೇ ಹದಿನೈದು ದಿನಕ್ಕಾಗುವಷ್ಟು ಹೆಚ್ಚುವರಿ ಗುಳಿಗೆ ಮನೆಯಲ್ಲಿರಲಿ.

ಹಂತ 3: ಕಸಿದುಕೊಂಡ ಕೆಲಸವನ್ನು ವಾಪಸ್ ಕೊಡಿ

ಈ ಲೇಖನದಲ್ಲಿ ಒಂದೇ ಒಂದನ್ನು ಓದುತ್ತೀರಿ ಎಂದಾದರೆ ಇದನ್ನು ಓದಿ.

ಅಣ್ಣ ಇಪ್ಪತ್ತು ವರ್ಷಕ್ಕೂ ಮೇಲೆ ತೋಟದ ಲೆಕ್ಕ ಬರೆದವನು. ಆಪರೇಷನ್ ಆದ ಮೇಲೆ ಕೂಡುವುದರಲ್ಲಿ ತಪ್ಪು ಬರತೊಡಗಿತು. ನಾವು ಪ್ರೀತಿಯಿಂದಲೇ, “ನಿಂಗೆ ಯಾಕೆ ತೊಂದರೆ” ಎಂದು ಪುಸ್ತಕ ತೆಗೆದುಕೊಂಡೆವು. ಆಮೇಲೆ ಬೈಕಿನ ಕೀಲಿ. ಆಮೇಲೆ ಸಂತೆ ಚೀಲ. ಕೊನೆಗೆ ಅವನ ಕೈಯಲ್ಲಿ ಟಿವಿ ರಿಮೋಟ್ ಒಂದೇ ಉಳಿಯಿತು. ಅವನು ಮಾತಾಡುವುದನ್ನು ನಿಲ್ಲಿಸಿದ. ಗಡ್ಡೆ ಮತ್ತೆ ಬಂತೇನೋ ಎಂದು ಸ್ಕ್ಯಾನ್ ಮಾಡಿಸಿದೆವು. ಗಡ್ಡೆ ಇರಲಿಲ್ಲ. ಲೆಕ್ಕದ ಪುಸ್ತಕ ವಾಪಸ್ ಕೊಟ್ಟೆವು, ದಿನಕ್ಕೆ ಒಂದೇ ಪುಟ, ರಾತ್ರಿ ಅತ್ತಿಗೆ ನೋಡಿ ಸರಿ ಮಾಡುವುದು ಎಂದು ಮಾಡಿಕೊಂಡೆವು. ಒಂದು ವಾರಕ್ಕೆ ಅವನು ಕೂಲಿಯ ದರದ ಬಗ್ಗೆ ನನ್ನ ಹತ್ತಿರ ಜಗಳ ತೆಗೆದ. ಆ ಜಗಳದ ಸಂತೋಷ ಇವತ್ತಿಗೂ ಇದೆ.

ಹೀಗೆ ಮಾಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ, ಕಾಯಿಲೆಗೆ ಮೊದಲು ಮನೆಯಲ್ಲಿ ಯಾವ ಕೆಲಸ ಅವರದ್ದೇ ಆಗಿತ್ತು ಎಂದು ಬರೆಯಿರಿ. ಅವರ ಜೊತೆ ಕೂತೇ ಬರೆಯಿರಿ. ಅವರು ಏನಾಗಿದ್ದರು ಎನ್ನುವುದನ್ನೂ ಬರೆಯಿರಿ: ಊರಿನ ತಾಳಮದ್ದಳೆಯ ಅರ್ಥಧಾರಿ, ಕೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಅಕ್ಕೋರು, ಯಾವ ದಿನ ಸಮುದ್ರಕ್ಕೆ ಹೋಗಬಾರದು ಎಂದು ಗಾಳಿ ನೋಡಿ ಹೇಳುವವರು. ಆಮೇಲೆ ಪ್ರತಿ ಕೆಲಸವನ್ನೂ ತುಂಡು ಮಾಡಿ. ಪೂರ್ತಿ ಆಗದಿದ್ದರೆ ಯಾವ ತುಂಡು ಆಗುತ್ತದೆ ಎಂದು ನೋಡಿ.

ಫಿಟ್ಸ್ ಬರುವವರು ಅಡಿಕೆ ಮರ ಹತ್ತುವ ಹಾಗಿಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವುದೇ ಬದುಕಾಗಿದ್ದ ಕೊನೆಗೌಡನಿಗೆ ಅದು ಹೆಸರನ್ನೇ ಕಿತ್ತುಕೊಂಡ ಹಾಗೆ. ಆದರೆ ಯಾವ ಕೊನೆ ಬೆಳೆದಿದೆ, ಯಾವುದು ಇನ್ನೂ ಹದಿನೈದು ದಿನ ಬೇಕು ಎಂದು ಕೆಳಗೆ ನಿಂತು ಹೇಳುವ ಕಣ್ಣು ಅವನದ್ದೇ. ಆ ಕಣ್ಣನ್ನು ಕೇಳಿ, ಅವನು ಹೇಳಿದ ಹಾಗೆ ಮಾಡಿ. ದೋಣಿಗೆ ಹೋಗಲಾಗದವರು ಮನೆಯಲ್ಲಿ ಕೂತು ಬಲೆ ಸರಿ ಮಾಡಬಹುದು. ಬೆಂಕಿಯ ಹತ್ತಿರ ಒಬ್ಬರೇ ನಿಲ್ಲಬಾರದ ಆಯಿ, ಅಪ್ಪೆಹುಳಿಗೆ ಉಪ್ಪು ಖಾರ ಸರಿಯಾಯ್ತಾ ಎಂದು ರುಚಿ ನೋಡಿ ಹೇಳಬಹುದು. ಅದು ನಾಟಕದ ಕೆಲಸ ಆಗಬಾರದು. ಅವರು ಉಪ್ಪು ಕಡಿಮೆ ಎಂದರೆ ಉಪ್ಪು ಹಾಕಿ. ಸುಮ್ನೆ ಕೈಗೆ ಏನೋ ಕೊಟ್ಟು ಕೂರಿಸಿದ್ದು ಅವರಿಗೆ ಗೊತ್ತಾಗುತ್ತದೆ.

ಗಾಡಿ ಓಡಿಸುವ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಲೈಸೆನ್ಸ್ ಪಡೆಯುವಾಗ ತುಂಬುವ ಆರೋಗ್ಯದ ಅರ್ಜಿಯಲ್ಲೇ ಫಿಟ್ಸ್ ಬಗ್ಗೆ ಪ್ರಶ್ನೆ ಇದೆ. “ಕೀಲಿ ಕೊಡುವುದಿಲ್ಲ” ಎಂದು ಹೆಂಡತಿಯೋ ಮಗನೋ ಹೇಳಿದರೆ ಅದು ಮನೆಯ ಜಗಳ ಆಗುತ್ತದೆ. ಡಾಕ್ಟರ ಬಾಯಿಂದ ರೋಗಿಯ ಎದುರಿಗೇ ಹೇಳಿಸಿ, ಕಾಗದದಲ್ಲೂ ಬರೆಸಿಕೊಳ್ಳಿ. ಆಮೇಲೆ ಆ ಕಾಗದ ತೋರಿಸಿದರೆ ಸಾಕು. ಅದೇ ದಿನ ಬದಲಿ ವ್ಯವಸ್ಥೆಯನ್ನೂ ಹೇಳಿ, ಶುಕ್ರವಾರ ಪೇಟೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು. ಸಮುದ್ರ, ಹೊಳೆ, ಬಾವಿಕಟ್ಟೆ, ಏಣಿ ಇವಕ್ಕೂ ಒಬ್ಬರೇ ಹೋಗುವುದು ಬೇಡ.

ರೋಗಿಯೇ ಇದನ್ನು ಓದುತ್ತಿದ್ದರೆ ನಿಮಗೊಂದು ಮಾತು. ಮೊದಲಿನ ವೇಗ ಇಲ್ಲ ಎಂದು ನಾಚಿಕೆ ಬೇಡ. ಬೆಳಿಗ್ಗೆ ನಿಮ್ಮ ತಲೆ ಚುರುಕಾಗಿರುವ ಹೊತ್ತು ಯಾವುದು ಎಂದು ಒಂದು ವಾರ ಗಮನಿಸಿ. ಮುಖ್ಯ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ರೇಡಿಯೇಶನ್, ಅಂದರೆ ನಮ್ಮ ಜನ ಹೇಳುವ ‘ಕರೆಂಟ್ ಕೊಡುವುದು’, ಮುಗಿದ ಮೇಲೂ ಕೆಲವು ವಾರ ವಿಪರೀತ ಸುಸ್ತು, ನಿದ್ದೆ ಬರುವುದುಂಟು. ಅದನ್ನು ಕಾಯಿಲೆ ಮರಳಿತು ಎಂದು ತಕ್ಷಣ ತಿಳಿಯಬೇಡಿ, ಡಾಕ್ಟರಿಗೆ ಹೇಳಿ. ಬೇರೆಯವರು ಕಸಿದುಕೊಂಡ ಕೆಲಸ ಬೇಕು ಅನ್ನಿಸಿದರೆ ಬಾಯಿಬಿಟ್ಟು ಕೇಳಿ. “ಇದು ನಂದು, ನಾನು ಮಾಡ್ತೆ” ಎನ್ನಿ.

ಹಂತ 4: ಮಾತು ಸಿಗದವರ ಜೊತೆ ಮಾತಾಡಿ

ಪದ ನಾಲಿಗೆಗೆ ಬಾರದಿರುವುದು, ಕೇಳಿದ್ದು ಅರ್ಥವಾಗದಿರುವುದು, ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಇದರಿಂದ ಬುದ್ಧಿ ಹೋಗಿದೆ ಎಂದು ಅರ್ಥ ಅಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು. ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ, ನವಾಯತಿ, ಮರಾಠಿ ಎಲ್ಲ ಇದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವವರು ಪುಸ್ತಕದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಉತ್ತರ ಬಾರದಿರಬಹುದು. ಮನೆಮಾತು ಯಾವುದು ಎಂದು ಮೊದಲೇ ಹೇಳಿ. ಸ್ಪೀಚ್ ಥೆರಪಿಸ್ಟ್, ಅಂದರೆ ಮಾತಿನ ಅಭ್ಯಾಸ ಮಾಡಿಸುವವರು, ಅಭ್ಯಾಸದ ಪದಗಳನ್ನು ಮನೆಮಾತಿನಲ್ಲೇ ಬರೆದುಕೊಡಲಿ. ‘ಶರ್ಟು’ ಬರದವರಿಗೆ ‘ಅಂಗಿ’ ಬರಬಹುದು. ಬಹಳ ಭಾಷೆ ಬಲ್ಲವರಿಗೆ ಒಂದು ಭಾಷೆ ಇನ್ನೊಂದಕ್ಕಿಂತ ಬೇಗ ಮರಳುವುದೂ ಇದೆ.

ಮಾತು ಬಾರದವರಿಗೆ ಹಾಡು ಬರುವುದು ಇನ್ನೂ ದೊಡ್ಡ ಸಂಗತಿ. ಅಫೇಸಿಯಾ ಇರುವ ಎಷ್ಟೋ ಜನ ತಮಗೆ ಗೊತ್ತಿರುವ ಹಾಡನ್ನು ಪದ ಸಮೇತ ಹಾಡುತ್ತಾರೆ. ಯಕ್ಷಗಾನದ ಪದ, ಸುಗ್ಗಿ ಹಾಡು, ಸಂಜೆಯ ಭಜನೆ ಯಾವುದಾದರೂ ಆಗಬಹುದು. ನೀವು ಮೊದಲ ಸಾಲು ಎತ್ತಿಕೊಳ್ಳಿ, ನಿಲ್ಲಿಸಿ, ಕಾಯಿರಿ. ಬರದಿದ್ದರೂ ನಷ್ಟ ಇಲ್ಲ.

ಪ್ರಶ್ನೆ ಒಂದೊಂದೇ ಕೇಳಿ. “ಗಂಜಿ ಬೇಕೋ, ದೋಸೆ ಬೇಕೋ” ಎಂದು ಎರಡನ್ನೂ ತೋರಿಸಿ. ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಸಹಾಯ ಬೇಕಾ ಎಂದು ಕೇಳಿ, ಹೂಂ ಎಂದರೆ ಮಾತ್ರ ಪದ ಕೊಡಿ.

ಹಂತ 5: ನೋಡಲು ಬರುವವರನ್ನು ಸಂಭಾಳಿಸಿ

ನಮ್ಮೂರಲ್ಲಿ ಕಾಯಿಲೆ ಎಂದರೆ ಜನ ಬರುತ್ತಾರೆ. ಎಳನೀರು, ಬಾಳೆಹಣ್ಣು ತರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಆದರೆ ರೋಗಿಯ ಎದುರಿಗೇ ಕೂತು ಮನೆಯವರನ್ನು ಕೇಳುತ್ತಾರೆ: “ಇವ್ರಿಗೆ ಚಾಕ್ಕೆ ಸಕ್ಕರೆ ಹಾಕ್ಲಕ್ಕಾ? ಗುರ್ತು ಸಿಗ್ತದಾ?” ಆಗ ನೀವು ಉತ್ತರ ಕೊಡಬೇಡಿ. ರೋಗಿಯ ಕಡೆ ತಿರುಗಿ “ಸಕ್ಕರೆ ಎಷ್ಟು ಬೇಕು ಅಂತ ಕೇಳ್ತಿದ್ದಾರೆ” ಎನ್ನಿ. ಎರಡು ಸಲ ಹೀಗೆ ಮಾಡಿದರೆ ಬಂದವರಿಗೂ ತಿಳಿಯುತ್ತದೆ. ಬಂದವರ ಎದುರು ಎಲೆ ಅಡಿಕೆಯ ಕವಳದ ತಟ್ಟೆ ಇಡುವುದು ಅವರ ಕೆಲಸವಾಗಿದ್ದರೆ, ಈಗಲೂ ಅವರೇ ಇಡಲಿ.

ಸಂಜೆ ನಾಲ್ಕರಿಂದ ಐದು, ಒಮ್ಮೆಗೆ ಇಬ್ಬರೇ ಎಂದು ಹೇಳಲು ಹಿಂಜರಿಯಬೇಡಿ. ಗದ್ದಲದಲ್ಲಿ ಪೆಟ್ಟಾದ ಮಿದುಳು ಬೇಗ ದಣಿಯುತ್ತದೆ. “ಡಾಕ್ಟರು ಹೇಳಿದ್ದಾರೆ” ಎಂದು ಸೇರಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಂದವರು ನಾಟಿ ಔಷಧದ ವಿಳಾಸ ಕೊಡುತ್ತಾರೆ. ಪ್ರಶ್ನೆ ಇಡಿಸಿ, ಹರಕೆ ಹೇಳಿಕೊಳ್ಳಿ ಎನ್ನುತ್ತಾರೆ. ಹರಕೆಯಿಂದ ಮನಸ್ಸಿಗೆ ಬಲ ಬರುವುದಾದರೆ ಹೇಳಿಕೊಳ್ಳಿ. ಔಷಧದ ವಿಷಯ ಹಾಗಲ್ಲ. ಹೊಟ್ಟೆಗೆ ಹೋಗುವ ಯಾವ ಬೇರು, ಕಷಾಯ, ಪುಡಿಯನ್ನೂ ಡಾಕ್ಟರಿಗೆ ಹೇಳದೆ ಕೊಡಬೇಡಿ. ಅದನ್ನು ನಂಬಿ ಫಿಟ್ಸ್ ಗುಳಿಗೆ ನಿಲ್ಲಿಸುವುದಂತೂ ಬೇಡವೇ ಬೇಡ.

ಮನೆಯ ಮಕ್ಕಳಿಗೆ ವಿಷಯ ಹೇಳಿ. ಬಚ್ಚಿಟ್ಟರೆ, ತಾನು ಹಟ ಮಾಡಿದ್ದಕ್ಕೇ ಅಮ್ಮನಿಗೆ ಹೀಗಾಯಿತು ಎಂದು ಮಗು ಅಂದುಕೊಳ್ಳಬಹುದು. “ಅಮ್ಮನ ತಲೆಯೊಳಗೆ ಗಡ್ಡೆ ಇತ್ತು. ಅದು ಸಿಟ್ಟು ಬರಿಸುತ್ತದೆ. ನಿನ್ನ ತಪ್ಪಲ್ಲ. ಮುಟ್ಟಿದರೆ ಅಂಟುವುದಿಲ್ಲ.” ಇಷ್ಟು ಸಾಕು. ಮದುವೆಗೆ ಇರುವ ಮಕ್ಕಳಿದ್ದಾರೆ ಎಂದು ಕಾಯಿಲೆ ಮುಚ್ಚಿಡುವ ಮನೆಗಳಿಗೆ ಇಷ್ಟು ಹೇಳುತ್ತೇನೆ: ಮಿದುಳಿನ ಗಡ್ಡೆಗಳಲ್ಲಿ ಬಹುಪಾಲು ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವಂಥವಲ್ಲ.

ಹಂತ 6: ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ಎಲ್ಲರಿಗೂ ಕಲಿಸಿ

ಭಯ ಅರ್ಧ ಇಳಿಯುವುದು ಇದರಿಂದ. ರೋಗಿಯನ್ನು ನೆಲಕ್ಕೆ ಮಲಗಿಸಿ ಒಂದು ಮಗ್ಗುಲಿಗೆ ತಿರುಗಿಸಿ. ತಲೆಯ ಕೆಳಗೆ ಮೆತ್ತಗಿನದು ಇಡಿ. ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬಾರದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಎಚ್ಚರವಾದ ಮೇಲೆ ಬಟ್ಟೆ ಒದ್ದೆಯಾಗಿದ್ದರೆ, ನೆರೆದವರನ್ನು ಹೊರಗೆ ಕಳಿಸಿ, ಆಮೇಲೆ ಬದಲಿಸಿ. ಅವರ ಮಾನ ಕಾಯುವುದೂ ಆರೈಕೆಯೇ.

ಹಂತ 7: ನೋಡಿಕೊಳ್ಳುವವರ ಪಾಳಿ ಬರೆದಿಡಿ

ಅತ್ತಿಗೆ ಒಮ್ಮೆ ಬಾವಿಕಟ್ಟೆಯ ಹತ್ತಿರ ಕೂತು ಅಳುತ್ತ ಹೇಳಿದರು: “ಗಂಡ ಇದ್ದಾರೆ, ಆದ್ರೆ ನಂಗೆ ಗಂಡ ಇಲ್ಲದ ಹಾಗಾಗಿದೆ. ಹೀಗೆ ಅನ್ಲಿಕ್ಕೂ ಪಾಪ ಅನ್ನಿಸ್ತದೆ.” ಈ ದುಃಖಕ್ಕೆ ನಮ್ಮಲ್ಲಿ ಹದಿಮೂರು ದಿನದ ಶಾಸ್ತ್ರ ಇಲ್ಲ, ಮಾತಾಡಿಸಲು ಬರುವವರೂ ಇಲ್ಲ. ನಿಮಗೂ ಹೀಗನ್ನಿಸಿದ್ದರೆ ಅದರಲ್ಲಿ ಪಾಪ ಇಲ್ಲ. ಒಮ್ಮೊಮ್ಮೆ ರೋಗಿಯ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಸಿಟ್ಟು ಬಂದಿದ್ದಕ್ಕೆ ನಾಚಿಕೆ ಆಗುತ್ತದೆ. ಎರಡೂ ಎಲ್ಲ ಮನೆಯಲ್ಲೂ ಇದೆ.

“ಏನಾದ್ರೂ ಬೇಕಿದ್ರೆ ಹೇಳಿ” ಎಂದು ಎಲ್ಲರೂ ಹೇಳಿ ಹೋಗುತ್ತಾರೆ. ಆಗಲೇ ಹೇಳಿ. ದಿನ, ಗಂಟೆ, ಕೆಲಸ ಸಮೇತ ಹೇಳಿ: “ಮಂಗಳವಾರ ಹತ್ತರಿಂದ ಒಂದರವರೆಗೆ ಬಂದು ಇವರ ಹತ್ತಿರ ಕೂತ್ಕೊ. ನಾನು ಹೊರಗೆ ಹೋಗಿ ಬರ್ತೆ.” ಆ ಮೂರು ಗಂಟೆಯಲ್ಲಿ ಮನೆಯ ಸಾಮಾನು ತರಲು ಹೋಗಬೇಡಿ. ನಿದ್ದೆ ಮಾಡಿ, ಗೆಳತಿಯ ಮನೆಗೆ ಹೋಗಿ, ಬಿಟ್ಟುಹೋದ ಸಂಗೀತದ ಪಾಠಕ್ಕೆ ಹೋಗಿ. ನಿಮ್ಮ ಹೆಸರಿನಲ್ಲೂ ಒಂದು ಪುಟ ಬರೆಯಿರಿ, ಮೊದಲು ನೀವು ಏನಾಗಿದ್ದಿರಿ ಎಂದು.

ಬೆಂಗಳೂರಲ್ಲಿ ಇರುವ ತಮ್ಮ, ತಂಗಿ ವಿಡಿಯೋ ಕಾಲಿನಲ್ಲಿ ಸಲಹೆ ಕೊಡುತ್ತಾರೆ. ದೂರ ಇದ್ದೇ ಮಾಡಬಹುದಾದ ಕೆಲಸ ಬಹಳ ಇದೆ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಟಿಕೆಟ್, ಇನ್ಶೂರೆನ್ಸ್ ಕಾಗದ ಪೂರ್ತಿ ಅವರ ಪಾಲಿಗೆ ಹಾಕಿ. ವರ್ಷಕ್ಕೆ ಎರಡು ಸಲ ಬಂದು ಹತ್ತು ದಿನ ಇರಲಿ, ನೆಂಟರ ಹಾಗೆ ಅಲ್ಲ, ಪಾಳಿಯವರ ಹಾಗೆ. ಎಲ್ಲವನ್ನೂ ಸೊಸೆಯೊಬ್ಬಳ ಮೇಲೆ ಹೊರಿಸುವ ಪದ್ಧತಿ ನನಗೆ ಸುತರಾಂ ಒಪ್ಪಿಗೆ ಇಲ್ಲ.

ರೋಗಿ ಕೈ ಎತ್ತಿದರೆ ವಾದ ಬೇಡ. ಕೋಣೆಯಿಂದ ಹೊರಗೆ ಬನ್ನಿ, ಅಕ್ಕಪಕ್ಕದವರನ್ನು ಕರೆಯಿರಿ, ಅದೇ ದಿನ ಡಾಕ್ಟರಿಗೆ ಹೇಳಿ. ಕಾಯಿಲೆಯಿಂದ ಹೊಡೆದದ್ದು ಎಂದು ಸಹಿಸಿಕೊಂಡು ಕೂರಬೇಕಾಗಿಲ್ಲ.

ಸಾಯುವ ಮಾತು ಬಂದರೆ, ಅದು ರೋಗಿಯದ್ದಾಗಲಿ ನಿಮ್ಮದಾಗಲಿ, ತಳ್ಳಿಹಾಕಬೇಡಿ. “ಸಾಯಬೇಕು ಅನ್ನಿಸ್ತಾ ಇದೆಯಾ?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ತೋಟದ ಮನೆಗಳಲ್ಲಿ ಕೀಟನಾಶಕ, ಔಷಧಿ ಹೊಡೆಯಲು ತಂದ ಮೈಲುತುತ್ತ, ಕತ್ತಿ ಎಲ್ಲ ಕೈಗೆ ಸಿಗುವ ಹಾಗೆ ಇರುತ್ತವೆ. ಬೇರೆ ಮನೆಗೆ ಸಾಗಿಸಿ, ಇಲ್ಲವೇ ಬೀಗ ಹಾಕಿ. ಗುಳಿಗೆಯ ದಾಸ್ತಾನೂ ಬೀಗದಲ್ಲಿರಲಿ. ಅವರನ್ನು ಒಬ್ಬರೇ ಬಿಡಬೇಡಿ.

ಹಂತ 8: ಸ್ಕ್ಯಾನಿನ ವಾರಕ್ಕೆ ತಯಾರಾಗಿ

ಕೆಲವು ತಿಂಗಳಿಗೊಮ್ಮೆ ಎಂಆರ್‌ಐ ಇರುತ್ತದೆ. ಒಂದು ವಾರ ಮೊದಲೇ ಮನೆಯಲ್ಲಿ ಎಲ್ಲರ ಮಾತು ಗಡಸಾಗುತ್ತದೆ. ಅದು ಹೆದರಿಕೆ ಎಂದು ಹೆಸರಿಟ್ಟು ಹೇಳಿಕೊಳ್ಳಿ. ಮಣಿಪಾಲವೋ ಹುಬ್ಬಳ್ಳಿಯೋ ಗೋವಾದ ಬಾಂಬೋಳಿಯೋ ಬೆಂಗಳೂರೋ, ನಮಗೆ ಎಲ್ಲವೂ ದೂರ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ಆಗುವುದಾದರೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ. ಕ್ಯಾನ್ಸರ್ ಇರುವ ರೋಗಿ ಚಿಕಿತ್ಸೆಗೆ ರೈಲಿನಲ್ಲಿ ಹೋಗುವಾಗ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ಅದರ ಫಾರಂ ಆಸ್ಪತ್ರೆಯಲ್ಲಿ ತುಂಬಿಸಿಕೊಳ್ಳಬೇಕು.

ರಿಪೋರ್ಟ್ ವಾಟ್ಸಾಪಿಗೆ ಬಂದರೆ ಯಾರು ತೆರೆಯುವುದು ಎಂದು ಮೊದಲೇ ಮಾತಾಡಿಕೊಳ್ಳಿ. ರೋಗಿಗೆ ಎಷ್ಟು ತಿಳಿಯಬೇಕು ಎನ್ನುವುದನ್ನು ರೋಗಿಯನ್ನೇ ಕೇಳಿ. “ಎಲ್ಲ ಹೇಳಿ” ಎನ್ನುವವರಿದ್ದಾರೆ, “ಮುಂದೇನು ಮಾಡಬೇಕು ಅಷ್ಟೇ ಹೇಳಿ” ಎನ್ನುವವರೂ ಇದ್ದಾರೆ. ರೇಡಿಯೇಶನ್ ಆದ ಮೊದಲ ತಿಂಗಳುಗಳಲ್ಲಿ, ಚಿಕಿತ್ಸೆಯ ಬಾವಿನಿಂದಲೇ ಗಡ್ಡೆ ದೊಡ್ಡದಾದ ಹಾಗೆ ಚಿತ್ರದಲ್ಲಿ ಕಾಣುವುದುಂಟು. ಹಾಗಾಗಿ ರಾತ್ರಿ ಹನ್ನೊಂದಕ್ಕೆ ರಿಪೋರ್ಟಿನ ಪದಗಳನ್ನು ಗೂಗಲ್ ಮಾಡುತ್ತ ಕೂರಬೇಡಿ. ಡಾಕ್ಟರು ನೋಡಿ ಹೇಳುವವರೆಗೆ ಅದು ಅರ್ಧ ಸುದ್ದಿ.

ಹಂತ 9: ಹೊರಗಿನ ಸಹಾಯ ಕೇಳಿ

ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಸಂಖ್ಯೆ 14416. ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ನೋಡಿಕೊಳ್ಳುವವರೂ ಕರೆ ಮಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಮನಸ್ಸು ಮತ್ತು ನರದ ಕಾಯಿಲೆಗೇ ಇರುವ ಸರ್ಕಾರಿ ಸಂಸ್ಥೆಗಳು. ದೊಡ್ಡ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಎಂದು ಇರುತ್ತಾರೆ. ರೋಗಿಯ ಮನೆ, ದುಡ್ಡು, ಮನಸ್ಸಿನ ಕಷ್ಟ ಕೇಳುವುದೇ ಅವರ ಕೆಲಸ. ಇದೇ ಗಡ್ಡೆ ಬಂದ ಬೇರೆ ಮನೆಯವರ ಜೊತೆ ಮಾತಾಡಿಸಿ ಎಂದು ಅವರನ್ನು ಕೇಳಿ. ಒಂದೇ ದಾರಿಯಲ್ಲಿ ನಡೆದವರ ಹತ್ತಿರ ಆಡುವ ಮಾತೇ ಬೇರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಗಡ್ಡೆಯಿಂದ ನಡೆಯುವುದು, ಕಣ್ಣು, ಮಾತು ಕಾಯಂ ಆಗಿ ಹಾಳಾಗಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯ ಸಿಗುತ್ತವೆ. ‘ಅಂಗವಿಕಲ’ ಎನ್ನುವ ಕಾರ್ಡು ಬೇಡ ಎಂದು ಕೆಲವರು ಅಳುತ್ತಾರೆ. ಒತ್ತಾಯ ಮಾಡಬೇಡಿ. ಅದರಿಂದ ಏನು ಸಿಗುತ್ತದೆ ಎಂದು ತಿಳಿಸಿ, ತೀರ್ಮಾನ ಅವರಿಗೆ ಬಿಡಿ.

ಪ್ಯಾಲಿಯೇಟಿವ್ ಕೇರ್ ಎನ್ನುವ ಪದ ಕೇಳಿದರೆ ಜನ ಎದೆ ಹಿಡಿದುಕೊಳ್ಳುತ್ತಾರೆ. ಅದರ ಅರ್ಥ ನೋವು, ಸಂಕಟ, ಭಯ ಕಡಿಮೆ ಮಾಡುವ ಆರೈಕೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಅದನ್ನೂ ಪಡೆಯಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲಿ ಇದಕ್ಕೆ ವಿಭಾಗ ಇದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ. ಗ್ರೇಡ್ 4 ಎಂದು ಗೊತ್ತಾದ ಮನೆಯವರು, ರೋಗಿಗೆ ಮಾತು ಮತ್ತು ತಿಳುವಳಿಕೆ ಚೆನ್ನಾಗಿರುವಾಗಲೇ, ಕೊನೆಯ ದಿನಗಳು ಮನೆಯಲ್ಲೋ ಆಸ್ಪತ್ರೆಯಲ್ಲೋ, ಯಾರು ಹತ್ತಿರ ಇರಬೇಕು ಎಂದು ಅವರನ್ನೇ ಕೇಳಿಟ್ಟುಕೊಳ್ಳಿ. ಒಂದೇ ಸಲಕ್ಕೆ ಎಲ್ಲ ಕೇಳಬೇಕಾಗಿಲ್ಲ. ಸಂಜೆ ಜಗಲಿಯಲ್ಲಿ ಕೂತಾಗ ಒಂದು ಪ್ರಶ್ನೆ ಸಾಕು.

14416 ಸಂಖ್ಯೆಯನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆಯಿರಿ. ರೋಗಿಗೂ ಕಾಣುವ ಕಡೆ ಇಡಿ. ಫೋನ್ ಮಾಡಬೇಕೆಂದು ಅವರಿಗೇ ಅನ್ನಿಸಬಹುದು.